ವೀಕೆಂಡಿಗೆ ಬರ್ತೀವಿ ಅಂದೋರಿಗೆ

ಮೊನ್ನೆ ಗುರುವಾರ ರಾತ್ರಿ ಪಾತ್ರೆ ತೊಳೆದು ಕೂತಿದ್ದೆ, ನಮ್ಮ ಮನೆ ವಾಟ್ಸಾಪ್ ಗುಂಪಿಗೆ ಒಂದು ಪಟ್ಟಿ ಬಂತು. ದೊಡ್ಡ ಭಾವನ ಮಗ ಹಾಕಿದ್ದು. ಶನಿವಾರ ಬೆಳಗ್ಗೆ 5ಕ್ಕೆ ಬೆಂಗಳೂರು ಬಿಡೋದು, 10ಕ್ಕೆ ತರೀಕೆರೆ, ತಿಂಡಿ. 11ಕ್ಕೆ ಕಲ್ಲತ್ತಿಗಿರಿ, 1ಕ್ಕೆ ಹೆಬ್ಬೆ ಫಾಲ್ಸ್, 3ಕ್ಕೆ ಕೆಮ್ಮಣ್ಣುಗುಂಡಿ, ಸೂರ್ಯ ಮುಳುಗೋದು ಝಡ್ ಪಾಯಿಂಟಲ್ಲಿ, ರಾತ್ರಿ ಊಟ. ಭಾನುವಾರ ಲಕ್ಕವಳ್ಳಿ ಡ್ಯಾಮ್, ಬೋಟಿಂಗ್, ಅಮೃತಾಪುರ, ಮಧ್ಯಾಹ್ನ ಊಟ, ವಾಪಸ್. ಅಚ್ಚುಕಟ್ಟಾಗಿ ಬರ್ದಿದಾನೆ ಹುಡುಗ. ತಿಂಡಿ, ರಾತ್ರಿ ಊಟ, ಮಧ್ಯಾಹ್ನ ಊಟ ಅಂತ ಮೂರು ಕಡೆ ಐತೆ, ಅದು ಎಲ್ಲಿಂದ ಬರುತ್ತೆ ಅಂತ ಮಾತ್ರ ಬರ್ದಿಲ್ಲ. ಬರೆಯೋದು ಬೇಕಾಗಿಲ್ಲ, ಎಲ್ಲರಿಗೂ ಗೊತ್ತು. ನಮ್ಮನೆ ಒಲೆ ಮೇಲಿಂದ.

ನಾನು ಅಜ್ಜಂಪುರದ ಕಡೆಯೋಳು. ತರೀಕೆರೆಗೆ ಮದುವೆಯಾಗಿ ಬಂದು 22 ವರ್ಷ ಆಯ್ತು. ಇದನ್ನ ಓದೋ ನಿಮ್ಮಲ್ಲಿ ಅರ್ಧ ಜನ ಹೀಗೆ ಬರೋರು, ಇನ್ನರ್ಧ ಜನ ನನ್ನ ಹಾಗೆ ಬಡಿಸೋರು. ಇಬ್ಬರಿಗೂ ಒಂದು ಮಾತು ಹೇಳ್ಬೇಕು ಅಂತ ಬಹಳ ದಿನದಿಂದ ಇತ್ತು. ಬೇಜಾರು ಮಾಡ್ಕಬೇಡಿ.

ಬರಬೇಡಿ ಅಂತ ಅಲ್ಲ. ಬೆಂಗಳೂರಿಂದ ನಮ್ಮೂರಿಗೆ 230 ಕಿಲೋಮೀಟರ್ ಹತ್ತಿರ, ಶಿವಮೊಗ್ಗದ ರೈಲು ಹತ್ತಿದ್ರೆ ಬೀರೂರು ದಾಟಿ ಇಳಿಯೋದೇ. ಒಂದು ಕಡೆ ಬಯಲು, ಇನ್ನೊಂದು ಕಡೆ ಕಾಡು, ಮಧ್ಯ ಅಡಿಕೆ ತೋಟ. ಕಾರು ಇಳಿಯೋಕೆ ಮುಂಚೆ ಮಕ್ಕಳೆಲ್ಲ ಆ ಏರಿ ಮೇಲಿನ ಕರಿ ಕುರಿಮರಿ ಮಾತನ್ನ ನಾಲಿಗೆ ತೊಡರಿಸ್ಕಂಡು ಹೇಳ್ತಾವೆ, ಎಲ್ಲೈತೆ ಕುರಿಮರಿ ಅಂತ ಕೇಳ್ತಾವೆ. ಮನೆ ತುಂಬ ಜನ ಇದ್ರೆ ನಂಗೂ ಖುಷೀನೇ. ಆದ್ರೆ ಬರೋ ರೀತಿ ಬದಲಾಗೈತೆ, ಅದನ್ನ ನಾವ್ಯಾರೂ ಗಮನಿಸಿಲ್ಲ.

ಮುಂಚೆ ನೆಂಟರು ಬಂದ್ರೆ ಹದಿನೈದು ದಿನ ಇರೋರು. ಬೇಸಿಗೆ ರಜಕ್ಕೆ ನಾದಿನಿಯರು ಮಕ್ಕಳನ್ನ ಕಟ್ಕಂಡು ಬಂದ್ರೆ ಮಾರನೇ ದಿನಕ್ಕೇ ಸೆರಗು ಸಿಕ್ಕಿಸಿ ನಿಲ್ಲೋರು. ಒಬ್ಬಳು ಶಾವಿಗೆ ಒತ್ತೋಳು, ಒಬ್ಬಳು ಹಪ್ಪಳ ಲಟ್ಟಿಸೋಳು, ಇನ್ನೊಬ್ಬಳು ಮಾಳಿಗೆ ಮೇಲೆ ಸಂಡಿಗೆ ಕಾಯೋಳು. ಉಪ್ಪಿನ ಭರಣಿ ಎಲ್ಲೈತೆ ಅಂತ ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು, ಅದು ಅವರು ಹುಟ್ಟಿದ ಮನೆ. ಊರು ನೋಡೋಕೆ ಅಂತ ಯಾರೂ ಹೋಗ್ತಿರ್ಲಿಲ್ಲ. ಹೋದ್ರೆ ಒಂದಿನ ಎಲ್ಲರೂ ಸೇರಿ ಕಲ್ಲತ್ತಿಗಿರಿಗೆ ಹೋಗಿ, ವೀರಭದ್ರನಿಗೆ ಕಾಯಿ ಒಡೆಸಿ, ನೀರಿಗೆ ತಲೆ ಕೊಟ್ಟು ಬರೋದು ಅಷ್ಟೇ. ಈಗ ಎರಡೇ ದಿನ. ಎರಡು ದಿನದಲ್ಲಿ ಮನೆಯೋಳಾಗೋಕೆ ಆಗಲ್ಲ, ಅತಿಥಿ ಆಗೇ ಹೋಗ್ತಾರೆ. ಅವರ ತಪ್ಪಲ್ಲ. ಆದ್ರೆ ಹದಿನೈದು ದಿನದ ಪ್ರೀತಿಗೆ ಮಾಡ್ತಿದ್ದ ಅಡುಗೇನ ಎರಡು ದಿನದ ಟೂರಿಗೂ ಅದೇ ಥರ ಮಾಡ್ತಿದೀವಲ್ಲ, ಅದು ನಮ್ಮ ತಪ್ಪು.

ನಮ್ಮ ಚಿಕ್ಕ ನಾದಿನಿ ವಿಷಯ ಹೇಳ್ತೀನಿ, ಅವಳಿಗೆ ಹೇಳೇ ಬರೀತಿದೀನಿ. ಅವಳು ಬೆಂಗಳೂರಲ್ಲಿ ಕೆಲಸಕ್ಕೆ ಹೋಗೋಳು. ಬೆಳಗ್ಗೆ ಐದೂವರೆಗೆ ಎದ್ದು ನಾಲ್ಕು ಡಬ್ಬಿ ಕಟ್ಟಿ, ಬಸ್ಸಲ್ಲಿ ನಿಂತು ಹೋಗಿ, ರಾತ್ರಿ ಎಂಟಕ್ಕೆ ಬಂದು ಮತ್ತೆ ಸಾಂಬಾರಿಗೆ ನಿಲ್ತಾಳೆ. ತಿಂಗಳಿಗೊಂದ್ಸಲ ಎರಡು ದಿನ ಅಡುಗೆಮನೆ ಕಡೆ ತಿರುಗಿ ನೋಡದೆ ಇರಬೇಕು ಅನ್ನಿಸೋದು ನ್ಯಾಯವಾದ ಮಾತೇ. ಅವಳಿಗೆ ರಜ ಬೇಕು. ನಾನು ಇಲ್ಲ ಅನ್ನಲ್ಲ. ಆದ್ರೆ ಅವಳಿಗೆ ಬಿಡುವು ಆದ ಆ ಎರಡು ದಿನದ ಅಡುಗೆ ಎಲ್ಲೂ ಹೋಗಲ್ಲ ಕಣ್ರೇ, ನನ್ನ ಕಡೆ ಬರುತ್ತೆ. ಗಂಡಸರ ಕಡೆ ಒಂದು ಲೋಟದಷ್ಟೂ ಹೋಗಲ್ಲ. ಅವರು ಪ್ಲಾನ್ ಮಾಡ್ತಾರೆ, ಕಾರು ಓಡಿಸ್ತಾರೆ, ಫೋಟೋ ಹಾಕ್ತಾರೆ.

ಶನಿವಾರ ಅವರು ಹತ್ತಕ್ಕೆ ಬರ್ತಾರೆ ಅಂದ್ರೆ ನಾನು ನಾಲ್ಕಕ್ಕೆ ಏಳ್ಬೇಕು. ಒಂಬತ್ತು ಜನಕ್ಕೆ ಅಕ್ಕಿ ರೊಟ್ಟಿ ಅಂದ್ರೆ ಒಬ್ಬೊಬ್ಬರಿಗೆ ಮೂರರಂತೆ ಇಪ್ಪತ್ತೇಳು, ಬಿಸೀದೇ ಬೇಕು. ಅವರು ತಿಂದು ಹೊರಡೋ ಹೊತ್ತಿಗೆ ಬುತ್ತಿ ಕಟ್ಟಿ ಕೊಡ್ಬೇಕು. ಅವರು ಹೋದ ಮೇಲೆ ಮನೆ ನಿಶ್ಶಬ್ದ ಆಗುತ್ತೆ, ಜಗಲಿ ತುಂಬ ಚಪ್ಪಲಿ, ಬಚ್ಚಲ ತುಂಬ ಒದ್ದೆ ಟವಲು. ರಾತ್ರಿಗೆ ಮುದ್ದೆ, ಅವರೆಕಾಳು ಸಾರು, ಮಕ್ಕಳಿಗೆ ಬೇರೆ ಚಪಾತಿ. ಅಡಿಕೆ ಕೊಯ್ಲಿನ ಟೈಮಲ್ಲಾದ್ರೆ ಸುಲಿಯೋಕೆ ಬಂದೋರಿಗೂ ಊಟ ಕಾಫಿ ಆಗ್ಬೇಕು. ರಾತ್ರಿ ಅವರು ಬಂದು ಮೊಬೈಲಲ್ಲಿ ತೋರಿಸ್ತಾರೆ, "ಅತ್ತಿಗೆ, ನೋಡಿ ಎಷ್ಟು ಚೆನ್ನಾಗೈತೆ ನಿಮ್ಮೂರು" ಅಂತ. ನಾನೂ ನೋಡ್ತೀನಿ, ಕೈ ಒರೆಸ್ಕಂಡು.

ನಮ್ಮತ್ತೆ ತೀರ್ಕಂಡು 6 ವರ್ಷ. ಹೆಬ್ಬೆಗೆ ಹೋಗೋರಿಗೆ ಅವರು ಕಟ್ಟಿಕೊಟ್ಟ ಬುತ್ತಿಗೆ ಲೆಕ್ಕ ಇಲ್ಲ. ಬಾಳೆ ಎಲೆ ಬಾಡಿಸಿ, ಪುಳಿಯೋಗರೆ ಒಂದು ಕಟ್ಟು, ಮೊಸರನ್ನ ಒಂದು ಕಟ್ಟು, ಜತೆಗೆ ಮಜ್ಜಿಗೆ ಮೆಣಸಿನಕಾಯಿ. ಇಂಬಳ ಹತ್ತುತ್ತೆ ಅಂತ ಉಪ್ಪಿನ ಪೊಟ್ಟಣಾನೂ ಅವರೇ ಇಡೋರು. ಕೊನೇ ವರ್ಷ ಮಂಡಿ ನೋವಿಂದ ಕೂತ ಕಡೆ ಕೂತಿರೋರು. ಒಂದಿನ ಟೀವೀಲಿ ಯಾವುದೋ ಕಾರ್ಯಕ್ರಮದಲ್ಲಿ ಜಲಪಾತ ತೋರಿಸ್ತಿದ್ರು. "ಇದೇನೇ ಹೆಬ್ಬೆ?" ಅಂತ ಕೇಳಿದ್ರು. ಹೌದಾ ಅಲ್ಲವಾ ಅಂತ ನಂಗೂ ಗೊತ್ತಾಗ್ಲಿಲ್ಲ. ನಾನೂ ನೋಡಿರ್ಲಿಲ್ಲ. ನಮ್ಮನೆಯವರನ್ನ ಕರೆದು ಕೇಳ್ದೆ, ಅವರು ಒಂದ್ಸಲ ನೋಡಿ "ಹೂಂ, ಅದೇ" ಅಂದು ಹೋದ್ರು. ಅತ್ತೆ ಸ್ವಲ್ಪ ಹೊತ್ತು ನೋಡಿ, "ದೊಡ್ಡದೈತಲ್ಲ" ಅಂದ್ರು. 168 ಮೀಟರ್ ಎತ್ತರದಿಂದ ಎರಡು ಮೆಟ್ಟಿಲಾಗಿ ಬೀಳೋ ನೀರು, ಮನೆಯಿಂದ ಒಂದೂವರೆ ಎರಡು ಗಂಟೆ ದಾರಿ. ಅಷ್ಟು ವರ್ಷ ಬುತ್ತಿ ಹೋಯ್ತು, ಅವರು ಹೋಗ್ಲಿಲ್ಲ.

ಆವತ್ತಿಂದ ಒಳಗೇ ಕೊರೀತಿತ್ತು. ಆದ್ರೂ ಬಾಯಿ ಬಿಡೋಕೆ ಐದು ವರ್ಷ ಹಿಡೀತು ನೋಡಿ. ಯಾಕಂದ್ರೆ ನಮಗೂ ಒಂದು ಹೆಮ್ಮೆ ಇರುತ್ತೆ. "ಆ ಮನೆ ಸೊಸೆ ಕೈ ಊಟ" ಅಂತ ಅನ್ನಿಸ್ಕಳೋ ಆಸೆ. ಬನ್ನಿ ಬನ್ನಿ ಅಂತ ಫೋನಲ್ಲಿ ನಾವೇ ಕರೀತೀವಿ, ಇಟ್ಟ ಮೇಲೆ ಸೊಂಟ ಹಿಡ್ಕಂಡು ಕೂರ್ತೀವಿ. ಕೇಳದೆ ಯಾರು ಕೊಡ್ತಾರೆ?

ಈ ಜನವರೀಲಿ ಕೇಳ್ದೆ. ಚಿಕ್ಕ ನಾದಿನಿ ಬರ್ತೀವಿ ಅಂದಾಗ, "ಬನ್ನಿ, ಆದ್ರೆ ಶನಿವಾರ ತಿಂಡಿ ದಾರೀಲಿ ಮುಗಿಸ್ಕಂಡು ಬನ್ನಿ, ಮಧ್ಯಾಹ್ನ ನಾನೂ ನಿಮ್ಮ ಜತೆ ಬರ್ತೀನಿ" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ಯಾಕತ್ತಿಗೆ, ಹುಷಾರಿಲ್ವಾ?" ಅಂದ್ಳು. ಹುಷಾರಾಗೇ ಇದೀನಿ ಅಂದೆ. ಮುನಿಸ್ಕಂಡ್ಳು ಅನ್ನೋದು ಗೊತ್ತಾಯ್ತು. ತವರುಮನೇಲಿ ತಿಂಡಿ ಇಲ್ಲ ಅಂದ್ರೆ ಯಾರಿಗಾದ್ರೂ ಚುರುಕ್ ಅನ್ನುತ್ತೆ, ನಂಗೂ ಅನ್ನುತ್ತೆ. ಎರಡು ದಿನ ಬಿಟ್ಟು ಅವಳೇ ಫೋನ್ ಮಾಡಿ, "ಹೋಗ್ಲಿ, ಎಲ್ಲಿಗೆ ಹೋಗೋಣ ನೀವೇ ಹೇಳಿ" ಅಂದ್ಳು. ನಾನು ಅಮೃತಾಪುರ ಅಂದೆ. ಅಲ್ಲೇನೈತೆ, ಹತ್ತು ನಿಮಿಷದ ಕೆಲಸ ಅಂದ್ರು ಅವರ ಯಜಮಾನ್ರು.

ಹತ್ತು ನಿಮಿಷ! ಊರಿಂದ ಹತ್ತು ಕಿಲೋಮೀಟರಿನ ಆಸುಪಾಸು, ತೋಟದ ಮಧ್ಯ ಇರೋ ದೇವಸ್ಥಾನ. ಹೊಯ್ಸಳರ ಎರಡನೇ ವೀರಬಲ್ಲಾಳನ ಕಾಲದಲ್ಲಿ ಅಮೃತೇಶ್ವರ ದಂಡನಾಯಕ 1196ರಲ್ಲಿ ಕಟ್ಟಿಸಿದ್ದು. ಬಾಗಿಲ ಹತ್ರ ಆಳೆತ್ತರದ ಶಾಸನ ಐತೆ, ಅದರ ಪದ್ಯ ಬರೆದೋನು ಯಶೋಧರ ಚರಿತೆ ಬರೆದ ಜನ್ನ. ಮದುವೆಯಾದ ಹೊಸತರಲ್ಲಿ ಒಂದ್ಸಲ ಹೋಗಿದ್ದೆ, ಆವಾಗ ತಲೆ ಬಗ್ಗಿಸ್ಕಂಡು ಸುತ್ತು ಬಂದಿದ್ದು, ಏನೂ ಕಂಡಿರ್ಲಿಲ್ಲ. ಈ ಸಲ ಮಂಟಪದ ದಕ್ಷಿಣದ ಗೋಡೆ ಹಿಡ್ಕಂಡು ನಿಂತ್ವಿ. ರಾಮಾಯಣ ಕೆತ್ತಿದಾರೆ, 70 ಚಿತ್ರ, ಅದೂ ಅಪ್ರದಕ್ಷಿಣವಾಗಿ ಸಾಗುತ್ತೆ ಕಥೆ. ಉತ್ತರದ ಕಡೆ ಕೃಷ್ಣನದು 25, ಮಹಾಭಾರತದ್ದು 45, ಅವು ಸರಿಯಾದ ಸುತ್ತಿಗೇ ಇದಾವೆ. ನಾದಿನಿ ಮಗಳು ಒಂದೊಂದಕ್ಕೂ "ಅತ್ತೆ, ಇದ್ಯಾರು? ಇವನ್ಯಾಕೆ ಹಿಂಗೆ ನಿಂತವನೆ?" ಅಂತ ಕೇಳ್ತಾ ಹೋದ್ಳು. ನಮಗೆ ಗೊತ್ತಿದ್ದಿದ್ದು ಹೇಳಿದ್ವಿ, ಗೊತ್ತಿಲ್ಲದ್ದಕ್ಕೆ ಇಬ್ಬರೂ ಜಗಳ ಆಡಿದ್ವಿ. ಒಳಗಿನ ಕಂಬ ಮುಟ್ಟಿದ್ರೆ ನುಣುಪು, ಮುಖ ಕಾಣೋ ಹಾಗೆ ಹೊಳೀತಾವೆ. ಎರಡೂವರೆ ಗಂಟೆ ಆಯ್ತು. ನಾದಿನಿ ಗೋಡೆಗೊರಗಿ ಕೂತು, "ಅತ್ತಿಗೆ, ನಾವಿಬ್ಬರೂ ಹಿಂಗೆ ಕೂತು ಎಷ್ಟು ವರ್ಷ ಆಯ್ತು?" ಅಂದ್ಳು. ಅಡುಗೆಮನೇಲಿ ನಿಂತು ಮಾತಾಡಿದ್ದು ಬಿಟ್ರೆ, ಹೀಗೆ ಕೂತು ಮಾತಾಡಿದ್ದೇ ಇಲ್ಲ ಅಂತ ಆವಾಗ ಲೆಕ್ಕ ಸಿಕ್ತು.

ಎಲ್ಲಾ ಸಲೀಸಾಗಿ ಆಯ್ತು ಅಂತೇನಿಲ್ಲ. ರಾತ್ರಿ ಮನೆಗೆ ಬಂದಾಗ ಒಲೆ ತಣ್ಣಗಿತ್ತು, ಮಕ್ಕಳು ಹಸಿವು ಅಂತ ಕೂಗಿದ್ವು. ನಮ್ಮನೆಯವರು ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸ್ಕಂಡು ಬಂದ್ರು, ನಾದಿನಿ ಗಂಡ ಈರುಳ್ಳಿ ಹೆಚ್ಚಿದ್ರು, ದಪ್ಪ ದಪ್ಪ ಹೋಳು. ಪಕ್ಕದ ಮನೆ ದೊಡ್ಡಮ್ಮ ಕಾಂಪೌಂಡ್ ಆಚೆಯಿಂದ "ಏನೇ, ನೆಂಟರಿಗೆ ಮಂಡಕ್ಕಿ ಹಾಕ್ತೀಯಾ?" ಅಂದ್ರು. ಅಂದ್ಕಳ್ಳಿ.

ಅದಕ್ಕೇ ಹೇಳ್ತೀನಿ, ಪ್ಲಾನ್ ಮಾಡೋವಾಗ ಒಂದು ದಿನಕ್ಕೆ ಒಂದು ಜಾಗ ಇಟ್ಕಳಿ. ಹೆಬ್ಬೆಗೆ ಹೋಗೋದಾದ್ರೆ ಅದೊಂದೇ. ನಿಮ್ಮ ಕಾರು ಅಲ್ಲಿಗೆ ಹೋಗಲ್ಲ, ಜೀಪಲ್ಲೇ ಹೋಗ್ಬೇಕು, ಇಳಿದು ನಡೀಬೇಕು. ವಾರದ ಕೊನೇಲಿ ಜೀಪಿಗೆ ಕಾಯೋದ್ರಲ್ಲೇ ಅರ್ಧ ದಿನ ಹೋಗುತ್ತೆ. ಕೆಮ್ಮಣ್ಣುಗುಂಡಿ 1434 ಮೀಟರ್ ಎತ್ತರದಲ್ಲೈತೆ, ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯೋಕೆ ಬರ್ತಿದ್ದ ಜಾಗ. ಅಲ್ಲಿಗೆ ಹೋದ್ರೆ ಅಲ್ಲೇ ಕೂತು ಮಂಜು ನೋಡಿ. ಅಲ್ಲಿನ ಕೆಂಪು ಮಣ್ಣಿನ ಅದಿರೇ ಭದ್ರಾವತಿ ಕಾರ್ಖಾನೆಗೆ ಹೋಗ್ತಿದ್ದಿದ್ದು ಅಂತ ಮಕ್ಕಳಿಗೆ ಹೇಳಿ, ಹೆಸರು ಯಾಕೆ ಹಂಗೆ ಬಂತು ಅಂತ ಅವಕ್ಕೇ ಗೊತ್ತಾಗುತ್ತೆ. ಲಕ್ಕವಳ್ಳಿಗೆ ಬೇಸಿಗೆ ಹತ್ತಿರ ಬಂದಾಗ ಹೋಗಿ, ಭದ್ರಾ ಹಿನ್ನೀರು ಇಳಿದು ನಡುಗಡ್ಡೆಗಳು ಮೇಲೆ ಬಂದಿರ್ತಾವೆ, ಅದರ ಮೇಲೆ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆ ಇಟ್ಟಿರ್ತಾವೆ. ಮಳೆಗಾಲದಲ್ಲಿ ಕಲ್ಲತ್ತಿಗಿರಿ ಚೆಂದ, ಆದ್ರೆ ಕಲ್ಲು ಜಾರುತ್ತೆ, ವಯಸ್ಸಾದೋರನ್ನ ಕೈ ಹಿಡ್ದೇ ಕರ್ಕಂಡು ಹೋಗಿ. ಉಳಿದಿದ್ದು ಮುಂದಿನ ಸಲಕ್ಕೆ ಇರಲಿ. ಬೆಟ್ಟ ಎಲ್ಲೂ ಓಡಿ ಹೋಗಲ್ಲ.

ಮತ್ತೆ ಕಾರಲ್ಲಿ ಎಷ್ಟು ಸೀಟು ಅಂತ ಲೆಕ್ಕ ಹಾಕೋವಾಗ ಮನೆಯೋಳನ್ನೂ ಸೇರ್ಸಿ. "ನೀವೂ ಬನ್ನಿ ಅತ್ತಿಗೆ" ಅಂತ ಕಾರು ಸ್ಟಾರ್ಟ್ ಮಾಡಿದ ಮೇಲೆ ಕರೆಯೋದು ಕರೆಯೋದಲ್ಲ. ಒಲೆ ಮೇಲೆ ಅನ್ನ ಇದ್ದಾಗ ಯಾರು ಬರ್ತಾರೆ? ಹಿಂದಿನ ವಾರವೇ ಕರೀಬೇಕು, ಒಂದು ಹೊತ್ತಿನ ಊಟ ಹೊರಗೆ ಅಂತ ಆವಾಗ್ಲೇ ತೀರ್ಮಾನ ಮಾಡ್ಬೇಕು. ಬಡಿಸೋರು ನೀವೂ ಅಷ್ಟೇ, ಕರೆದಾಗ "ಅಯ್ಯೋ ನಂಗೆಲ್ಲಾಗುತ್ತೆ, ನೀವು ಹೋಗ್ಬನ್ನಿ" ಅನ್ನಬೇಡಿ. ನಾನು 22 ವರ್ಷ ಅದೇ ಅಂದಿದ್ದು.

ಮೊನ್ನೆ ಆ ಪಟ್ಟಿ ನೋಡಿ ಗುಂಪಿನಲ್ಲೇ ಬರ್ದೆ: "ಜೀಪಿಗೆ ನಂದೂ ಒಂದು ಟಿಕೆಟ್ ಸೇರ್ಸಪ್ಪಾ. ಶನಿವಾರ ಹೆಬ್ಬೆ ಒಂದೇ ಸಾಕು." ಹುಡುಗ ಹೆಬ್ಬೆಟ್ಟಿನ ಚಿತ್ರ ಹಾಕಿದ. ಐದು ನಿಮಿಷಕ್ಕೆ ಅವರಮ್ಮ, ನಮ್ಮ ವಾರಗಿತ್ತಿ, ಫೋನ್ ಮಾಡಿದ್ರು.

"ಏನೇ ಇದು, ಮನೇಲಿ ಊಟ ಇಲ್ವಾ ಈ ಸಲ?"

"ಐತಕ್ಕ. ಭಾನುವಾರ ಕಡುಬು. ಎಲ್ಲರೂ ಕೂತು ಮಾಡೋಣ."

"ನಂಗೆ ಕಡುಬು ಕಟ್ಟೋಕೆ ಬರಲ್ಲ ಅನ್ನೋದು ಮರೆತೋಯ್ತಾ ನಿಂಗೆ?"

"ಕಾಯಿ ತುರಿಯೋಕೆ ಬರುತ್ತಲ್ಲಕ್ಕ" ಅಂದೆ.