ತುಟಿಯ ಮರೆಯ ಪೊಟ್ಟಣ

‘ಹೊಗೆಯಿಲ್ಲ, ಉಗುಳಿಲ್ಲ, ಹೊಗೆಸೊಪ್ಪೂ ಇಲ್ಲ’ ಎಂಬ ಹೊಗಳಿಕೆಯೊಡನೆ ನಿಕೊಟಿನ್ ಪೌಚೆಂಬ ಪುಟ್ಟ ಬಿಳಿಯ ಪೊಟ್ಟಣ ತರುಣರ ತುಟಿಯ ಮರೆ ಸೇರುತ್ತಿದೆ. ಊರಿನಲ್ಲಿ ನಮ್ಮ ಅಜ್ಜಿಯರು ಕಡ್ಡಿಪುಡಿಯನ್ನೂ, ಇಲ್ಲಿ ನೆರೆಮನೆಯ ಆಜಿಯರು ಮಿಶ್ರಿಯನ್ನೂ ಒತ್ತಿಕೊಂಡದ್ದು ಅದೇ ಒಸಡಿಗಲ್ಲವೇ? ಆ ಪುಡಿಗಳಿಂದ ಬಾಯಿಯ ಕ್ಯಾನ್ಸರ್ ಬರುವುದೆಂದು, ಪರೇಲಿನ ಟಾಟಾ ಆಸ್ಪತ್ರೆಯ ಸಾಲು ಕಂಡವರಿಗೆ ನಾವು ಹೇಳಬೇಕಿಲ್ಲ. 2012ರಲ್ಲಿ ಮಹಾರಾಷ್ಟ್ರ ಸರಕಾರ ಗುಟ್ಕಾ ನಿಷೇಧಿಸಿತು. ಚಟವೇನೋ ಬೇರೆ ಬಾಗಿಲು ಹುಡುಕುತ್ತದೆ.

ಪೌಚಿನಲ್ಲಿ ಎಲೆಯಿಲ್ಲವೆಂಬುದು ನಿಜ. ಆದರೆ ಚಟ ಹಿಡಿಸುವುದು ಎಲೆಯಲ್ಲ, ನಿಕೊಟಿನ್. ಅದು ಒಸಡಿನಿಂದ ರಕ್ತಕ್ಕಿಳಿದು ನಾಡಿಯನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ಬೀಡಿಯಾದರೆ ವಾಸನೆಯಿಂದಲೇ ತಾಯಿಗೆ ತಿಳಿಯುತ್ತಿತ್ತು. ಇದನ್ನಿಟ್ಟುಕೊಂಡು ಮಗ ಅವಳೆದುರೇ ಪಾಠ ಓದಬಹುದು. ಪುದೀನ ವಾಸನೆಯ ದುಂಡು ಡಬ್ಬಿ ಕಂಡರೆ ಪೆಪ್ಪರಮಿಂಟೆಂದು ಬಿಡದೆ ಕೇಳಿರಿ. ಎಳೆಯ ಕೂಸು ನುಂಗಿತೋ, ವಿಷವೇ ಸರಿ. ಕೂಡಲೇ ವೈದ್ಯರಲ್ಲಿಗೆ ಒಯ್ಯಬೇಕು.