ಕಲಾ ವಿದ್ಯಾರ್ಥಿಗೂ ಬೇಕು ‘ಆರ್’ ಭಾಷೆ

ಕಂಪ್ಯೂಟರ್ ಭಾಷೆ ವಿಜ್ಞಾನದವರ ಸೊತ್ತು, ಕಲಾ ವಿಭಾಗದವರಿಗೆ ಅದರ ಗೊಡವೆ ಏಕೆ ಎಂದು ನಮ್ಮಲ್ಲಿ ಅನೇಕರು ಹೇಳುವುದುಂಟು. ಇದು ಸರಿಯಾದ ಮಾತೆ? ಜನಗಣತಿ, ಬೆಲೆ, ಬೆಳೆ, ಕೂಲಿ, ಇವೆಲ್ಲ ನಮ್ಮ ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳ ವಿಷಯಗಳೇ ಅಲ್ಲವೆ?

2010ರಲ್ಲಿ ರೈನ್‌ಹಾರ್ಟ್ ಮತ್ತು ರೋಗೊಫ್ ಎಂಬ ಹೆಸರಾಂತ ಅರ್ಥಶಾಸ್ತ್ರಜ್ಞರು, ಸರ್ಕಾರದ ಸಾಲವು ರಾಷ್ಟ್ರೋತ್ಪನ್ನದ ಶೇಕಡ 90ನ್ನು ಮೀರಿದಾಗ ಮುಂದುವರಿದ ದೇಶಗಳ ಉತ್ಪನ್ನವು ವರ್ಷಕ್ಕೆ ಸರಾಸರಿ ಶೇಕಡ 0.1ರಷ್ಟು ಇಳಿದಿತ್ತೆಂದು ಬರೆದರು. ಸರ್ಕಾರದ ಖರ್ಚನ್ನು ಕಡಿತಮಾಡಬೇಕೆಂದವರಿಗೆ ಅದೊಂದು ಆಧಾರವಾಯಿತು. 2013ರಲ್ಲಿ ಅಮೆರಿಕದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಅವರ ಎಕ್ಸೆಲ್ ಹಾಳೆಯನ್ನು ತರಿಸಿಕೊಂಡು ನೋಡಿದರೆ, ಸರಾಸರಿಯ ಸೂತ್ರದಲ್ಲಿ ಐದು ದೇಶಗಳೇ ಬಿಟ್ಟುಹೋಗಿದ್ದವು! ಇದನ್ನೂ ಇತರ ದೋಷಗಳನ್ನೂ ತಿದ್ದಿದ ಮೇಲೆ ಆತನಿಗೂ ಆತನ ಅಧ್ಯಾಪಕರಿಗೂ ದೊರೆತ ಉತ್ತರ ಶೇಕಡ 2.2ರ ಏರಿಕೆ.

ಎಕ್ಸೆಲ್ ಹಾಳೆಯ ಚೌಕಗಳಲ್ಲಿ ಸೂತ್ರ ಅಡಗಿರುತ್ತದೆ. ‘ಆರ್’ ಭಾಷೆಯಲ್ಲಾದರೋ ಲೆಕ್ಕದ ಪ್ರತಿಯೊಂದು ಹೆಜ್ಜೆಯನ್ನೂ ಸಾಲುಸಾಲಾಗಿ ಬರೆಯಬೇಕು. ಯಾರು ಬೇಕಾದರೂ ಅದನ್ನು ಓದಿ, ಮತ್ತೆ ನಡೆಸಿ, ಒರೆಗೆ ಹಚ್ಚಬಹುದು. ತಪ್ಪು ಆಗುವುದೇ ಇಲ್ಲವೆಂದಲ್ಲ. ಆದರೆ ಹುಡುಕುವುದು ಸುಲಭ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದಲ್ಲಿ ರಾಸ್ ಇಹಾಕ, ರಾಬರ್ಟ್ ಜಂಟಲ್‌ಮನ್ ಎಂಬ ಅಧ್ಯಾಪಕರು ರಚಿಸಿದ ಈ ಭಾಷೆ 1995ರಿಂದ ಎಲ್ಲರಿಗೂ ಉಚಿತ. ಕೂಲಿಕಾರನ ಮಗನಿಗೂ ದೊಡ್ಡ ವಿಶ್ವವಿದ್ಯಾನಿಲಯದ ಪಂಡಿತನಿಗೂ ದೊರೆಯುವ ಸಾಧನ ಒಂದೇ.

ಇಂಗ್ಲಿಷಿನ ಭಯ, ಗಣಿತದ ಭಯ ಸಹಜವೇ. ಆದರೆ ಮೊದಲಿಗೆ ಬೇಕಾದ ಪದಗಳು ಹತ್ತಿಪ್ಪತ್ತು. ಸರಾಸರಿ ಎಂದರೇನೆಂಬುದು ನಮಗೆ ತಿಳಿದೇ ಇದೆ. ವಾರಕ್ಕೆ ಎರಡು ಗಂಟೆಯಾದರೂ ಕಂಪ್ಯೂಟರ್ ಕೊಠಡಿಯ ಬಾಗಿಲು ಕಲಾ ವಿದ್ಯಾರ್ಥಿಗಳಿಗೂ ತೆರೆಯಲೆಂದು ಪೂಜ್ಯ ಅಧ್ಯಾಪಕರಲ್ಲಿ ವಿನಂತಿ. ದೊಡ್ಡವರು ಮಾಡಿದ ಲೆಕ್ಕವನ್ನು ಬಾಯಿಪಾಠ ಮಾಡುವುದಷ್ಟೇ ಅಲ್ಲ, ಪರೀಕ್ಷಿಸಿ ನೋಡುವುದೂ ವಿದ್ಯೆಯೇ.