ಕೊಂಬಿಲ್ಲದ ದೊರೆ

ಹೋದ ತಿಂಗಳು ಒಂದು ಭಾನುವಾರ ಮಿತ್ರರೊಬ್ಬರ ಮನೆಗೆ ಹೋಗಿದ್ದೆ. ಬ್ಯಾಂಕಿನಲ್ಲಿ ಅಧಿಕಾರಿಗಳು, ಓದಿಕೊಂಡವರು, ಮಕ್ಕಳ ವಿಷಯದಲ್ಲಿ ಬಹಳ ಎಚ್ಚರದವರು. ಅವರ ಹತ್ತು ವರ್ಷದ ಮಗಳು ಟೆಲಿವಿಷನ್ನಿನ ಮುಂದೆ ಕುಳಿತು ‘ದಿ ಬ್ಲ್ಯಾಕ್ ಕಾಲ್ಡ್ರನ್’ ಎಂಬ ಹಳೆಯ ಕಾರ್ಟೂನ್ ಚಿತ್ರವನ್ನು ನೋಡುತ್ತಿದ್ದಳು. ನಾನೂ ಕುಳಿತೆ. ಚಿತ್ರ ಮುಗಿದ ಮೇಲೆ, “ಇದರ ಮೂಲ ಪುಸ್ತಕ ನನ್ನಲ್ಲಿದೆ, ಕಳುಹಿಸಿಕೊಡುತ್ತೇನಮ್ಮ” ಎಂದೆ. ಹುಡುಗಿ ಕಣ್ಣರಳಿಸಿದಳು. ತಂದೆ ಮಾತ್ರ ನನ್ನನ್ನು ಜಗುಲಿಗೆ ಕರೆದುಕೊಂಡು ಹೋಗಿ, ದನಿ ತಗ್ಗಿಸಿ, “ಬೇಡಿ ಮೇಷ್ಟ್ರೆ. ಪುಸ್ತಕದಲ್ಲಿ ಒಳ್ಳೆಯವರೇ ಕೆಡುತ್ತಾರಂತೆ, ಬೇಕಾದವರೇ ಸಾಯುತ್ತಾರಂತೆ. ಸಿನಿಮಾದವರು ಅದನ್ನೆಲ್ಲ ಸರಿಮಾಡಿದ್ದಾರೆ. ಮಕ್ಕಳಿಗೆ ಅಷ್ಟು ಸಾಕು” ಎಂದರು.

‘ಸರಿಮಾಡಿದ್ದಾರೆ’ ಎಂಬ ಆ ಒಂದು ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಈ ಲೇಖನ ಆ ಮಾತಿಗೆ ನನ್ನ ಉತ್ತರ. ಮಿತ್ರರು ಓದಿ ಬೇಸರಪಡಲಾರರೆಂದು ನಂಬಿದ್ದೇನೆ. ಬೇಸರಪಟ್ಟರೂ ಹೇಳದೆ ಇರಲಾರೆ.

ಮೊದಲು ಕಥೆ. ಅಮೆರಿಕದ ಲಾಯ್ಡ್ ಅಲೆಗ್ಸಾಂಡರ್ (1924-2007) 1964ರಿಂದ 1968ರವರೆಗೆ ವರ್ಷಕ್ಕೊಂದರಂತೆ ಐದು ಕಾದಂಬರಿಗಳನ್ನು ಪ್ರಕಟಿಸಿದರು. ಪ್ರಿಡೇನ್ ಎಂಬ ಕಲ್ಪಿತ ನಾಡಿನಲ್ಲಿ ನಡೆಯುವ ಕಥೆ ಅದು. ಐದನೆಯ ಪುಸ್ತಕಕ್ಕೆ 1969ರಲ್ಲಿ ನ್ಯೂಬರಿ ಪದಕ ದೊರೆಯಿತು. ನಮಗೆ ಇಲ್ಲಿ ಮುಖ್ಯವಾದುದು 1965ರಲ್ಲಿ ಬಂದ ಎರಡನೆಯದು. ಚಿತ್ರದ ಹೆಸರು ಅದರದೇ.

ಕಥಾನಾಯಕ ಟಾರನ್ ಹಂದಿ ಕಾಯುವ ಹುಡುಗ, ಅದರಲ್ಲೂ ಸಹಾಯಕ. ಅವನು ಕಾಯುವ ಹಂದಿ ಕಣಿ ಹೇಳಬಲ್ಲದು ಎಂಬುದೊಂದೇ ಆ ಉದ್ಯೋಗಕ್ಕಿರುವ ಮರ್ಯಾದೆ. ಹುಡುಗ ಕನಸು ಕಾಣುವುದು ಕತ್ತಿಯನ್ನು. ಹಿರಿಯರು ಅವನಿಂದ ಮಾಡಿಸುವುದು ಕುದುರೆಯ ಲಾಳವನ್ನು. ಅತ್ತ ಸಾವಿನ ನಾಡಿನ ಒಡೆಯ ಅರಾನ್ ಎಂಬವನಿಗೆ ಒಂದು ಕರಿಯ ಕೊಪ್ಪರಿಗೆಯ ಬಲ. ಅದರೊಳಕ್ಕೆ ಹೆಣವನ್ನು ಹಾಕಿದರೆ ಸಾವಿಲ್ಲದ ಯೋಧ ಎದ್ದುಬರುತ್ತಾನೆ. ಅವನಿಗೆ ಮಾತಿಲ್ಲ, ತಾನು ಯಾರಾಗಿದ್ದೆನೆಂಬ ನೆನಪಿಲ್ಲ, ಕರುಣೆಯಂತೂ ಇಲ್ಲ. ಪ್ರಶ್ನೆ ಕೇಳದ ಸೈನ್ಯ! ಯಾವ ಸರ್ವಾಧಿಕಾರಿ ತಾನೆ ಇದಕ್ಕಿಂತ ಹೆಚ್ಚಿನದನ್ನು ಬಯಸಿಯಾನು? ಆ ಕೊಪ್ಪರಿಗೆಯನ್ನು ಹುಡುಕಿ ನಾಶಮಾಡಲು ಹೊರಟವರ ಗುಂಪಿನಲ್ಲಿ ಟಾರನ್ ಒಬ್ಬ.

ನಾಶಮಾಡುವ ಬಗೆ ಒಂದೇ. ಬದುಕಿರುವವನೊಬ್ಬ, ಎಲ್ಲವನ್ನೂ ತಿಳಿದು, ತಾನಾಗಿ ಅದರೊಳಕ್ಕೆ ಇಳಿಯಬೇಕು. ಆಗ ಕೊಪ್ಪರಿಗೆ ಒಡೆಯುತ್ತದೆ. ಇಳಿದವನು ಮರಳಿ ಬರುವುದಿಲ್ಲ.

1985ರಲ್ಲಿ ವಾಲ್ಟ್ ಡಿಸ್ನಿ ಸಂಸ್ಥೆ ಮೊದಲೆರಡು ಪುಸ್ತಕಗಳನ್ನು ಕಲಸಿ ಚಿತ್ರವನ್ನು ಮಾಡಿತು. ಎರಡು ಕಾದಂಬರಿಗಳನ್ನು ಒಂದೂವರೆ ಗಂಟೆಗಿಂತ ಕಡಿಮೆ ಅವಧಿಯಲ್ಲಿ ತುಂಬಬೇಕಾದರೆ ಕೆಲವು ಪಾತ್ರಗಳನ್ನು ಬಿಡಲೇಬೇಕು. ಅದನ್ನು ನಾನು ಆಕ್ಷೇಪಿಸುವುದಿಲ್ಲ. ಸಿನಿಮಾ ಬೇರೆ ಕಲೆ, ಪುಸ್ತಕ ಬೇರೆ ಕಲೆ. ಮೂಲ ಲೇಖಕರೇ ಚಿತ್ರಕ್ಕೂ ಪುಸ್ತಕಕ್ಕೂ ಹೋಲಿಕೆಯಿಲ್ಲವೆಂದು ಹೇಳಿ, ಚಿತ್ರವೆಂದು ನೋಡಿದರೆ ಅದು ಹಿತವಾಗಿಯೇ ಇದೆಯೆಂದೂ ಸೇರಿಸಿದ್ದರು. ಅವರ ಸೌಜನ್ಯ ದೊಡ್ಡದು. ನಾನು ಕೇಳುವುದು ಇಷ್ಟೆ: ಬಿಟ್ಟದ್ದು ಏನನ್ನು?

ಮೊದಲನೆಯದಾಗಿ ಬಿಟ್ಟದ್ದು ಮಾರ್ಗಂಟ್ ದೊರೆಯನ್ನು. ಕಾದಂಬರಿಯಲ್ಲಿ ಈತ ನಮ್ಮ ಪಕ್ಷದವನು. ಧೀರ, ಮಿತಭಾಷಿ, ರಣರಂಗದಲ್ಲಿ ನುರಿತವನು. ಕೊಪ್ಪರಿಗೆಯನ್ನು ನಾಶಮಾಡಬೇಕೆಂದು ಆಲೋಚನಾ ಸಭೆ ಸೇರಿದಾಗ ಮುಖ್ಯರ ಸಾಲಿನಲ್ಲಿ ಕುಳಿತವನು. ಟಾರನ್ನನಿಗೆ ಅವನ ವಿಷಯದಲ್ಲಿ ಬಹಳ ಗೌರವ. ಇಂಥವನ ಕೈಗೆ ಕೊಪ್ಪರಿಗೆ ಸಿಕ್ಕುತ್ತದೆ. ಸಿಕ್ಕಿದೊಡನೆ ಅದನ್ನು ಒಡೆಯುವ ಮಾತೇ ಇಲ್ಲ. ತಾನೇ ಆ ಮೂಕ ಸೈನ್ಯವನ್ನು ಕಟ್ಟಬೇಕು, ತಾನೇ ಪ್ರಿಡೇನನ್ನು ಆಳಬೇಕು! ಸೆರೆಸಿಕ್ಕ ಟಾರನ್ನನನ್ನು ಎದುರಿಗೆ ಕರೆಸಿ, ನನ್ನ ಜೊತೆಗೆ ಬಾ, ನಿನಗೆ ಸೇನಾನಾಯಕನ ಪದವಿ ಎನ್ನುತ್ತಾನೆ. ಹಂದಿ ಕಾಯುತ್ತ ಕತ್ತಿಯ ಕನಸು ಕಂಡ ಹುಡುಗನಿಗೆ, ಆ ಕನಸನ್ನೇ ತಟ್ಟೆಯಲ್ಲಿಟ್ಟು ನೀಡುವವನು ವೈರಿಯಲ್ಲ, ನೆನ್ನೆಯವರೆಗೆ ಆರಾಧಿಸಿದ ಹಿರಿಯ. ಆಗ ‘ಒಲ್ಲೆ’ ಎನ್ನುವುದು ಸುಲಭವೆ?

ಚಿತ್ರದಲ್ಲಿ ಮಾರ್ಗಂಟನ ಸುಳಿವೇ ಇಲ್ಲ. ಅರಾನನೂ ಇಲ್ಲ. ಇರುವವನು ಒಬ್ಬನೇ ಕೊಂಬಿನ ದೊರೆ. ಮೊದಲ ಪುಸ್ತಕದಲ್ಲಿ ಅರಾನನ ದಂಡನಾಯಕನಾಗಿ ಬರುವ ಇವನನ್ನು ಚಿತ್ರದವರು ಕೇಡಿಗೆಲ್ಲ ಗುತ್ತಿಗೆದಾರನನ್ನಾಗಿ ಮಾಡಿದ್ದಾರೆ. ತಲೆಬುರುಡೆಯಂಥ ಮುಖ, ಕೆಂಡದಂಥ ಕಣ್ಣು, ತಲೆಯ ಮೇಲೆ ಎರಡು ಕೊಂಬು. ಮೂರು ವರ್ಷದ ಕೂಸೂ ಬೆರಳು ತೋರಿಸಿ ‘ಕೆಟ್ಟವನು’ ಎನ್ನಬಲ್ಲದು. ಹಾಗೆನ್ನಲು ಮಕ್ಕಳಿಗೆ ನಮ್ಮ ಸಹಾಯ ಬೇಕಿಲ್ಲ. ಕೊಂಬಿಲ್ಲದ ದೊರೆಯನ್ನು ಗುರುತಿಸುವುದಕ್ಕೆ ಬೇಕು. ಲೋಕದಲ್ಲಿ ಸರ್ವಾಧಿಕಾರಿಗಳಾದವರು ಕೊಂಬು ಹೊತ್ತು ಬಂದವರಲ್ಲ. ಬಹು ಮಂದಿ, ಜನರನ್ನು ಕಾಪಾಡುತ್ತೇನೆಂದು ಹೇಳಿ, ಜನರಿಂದಲೇ ಹಾರ ಹಾಕಿಸಿಕೊಂಡು ಬಂದವರು. 1965ರಲ್ಲಿ ಇದನ್ನು ಬರೆದ ಅಲೆಗ್ಸಾಂಡರ್ ಎರಡನೆಯ ಮಹಾಯುದ್ಧದಲ್ಲಿ ಸೈನ್ಯದಲ್ಲಿದ್ದವರು. ಅದರ ತರಬೇತಿಯ ಕಾಲದಲ್ಲೇ ವೇಲ್ಸ್ ನಾಡನ್ನು ಕಂಡವರು. ಯುದ್ಧಾನಂತರ ಸಾರ್ತ್ರನ ‘ನಾಸಿಯಾ’ ಕಾದಂಬರಿಯನ್ನು ಇಂಗ್ಲಿಷಿಗೆ ಅನುವಾದಿಸಿದವರು. ಲೋಕವನ್ನು ಅರಿಯದೆ ಮಕ್ಕಳ ಕಥೆಗೆ ಕೈಹಾಕಿದವರಲ್ಲ.

ಎರಡನೆಯದಾಗಿ ಬಿಟ್ಟದ್ದು ಎಲಿಡಿರ್ ಎಂಬ ರಾಜಕುಮಾರನನ್ನು. ಹೆಸರಿಗೆ ರಾಜವಂಶ, ಕೈಯಲ್ಲಿ ಕಾಸಿಲ್ಲ. ಇರುವುದೆಲ್ಲ ಗರ್ವ ಮತ್ತು ಹೊಟ್ಟೆಕಿಚ್ಚು. ಟಾರನ್ನನನ್ನು ಹಂದಿ ಕಾಯುವವನೆಂದು ಹೆಜ್ಜೆಹೆಜ್ಜೆಗೂ ಹೀಯಾಳಿಸುತ್ತಾನೆ. ಕೊಪ್ಪರಿಗೆ ಹೊಳೆಯಲ್ಲಿ ಸಿಕ್ಕಿಬಿದ್ದಾಗ, ಅದನ್ನು ಗೆದ್ದ ಕೀರ್ತಿ ತನ್ನದೇ ಎಂದು ನೀವೆಲ್ಲ ಆಣೆ ಮಾಡಿದರೆ ಮಾತ್ರ ಕೈಕೊಡುತ್ತೇನೆ ಎನ್ನುತ್ತಾನೆ. ಓದುತ್ತ ಓದುತ್ತ ನಮಗೆ ಇವನ ಮೇಲೆ ಮೈಯುರಿಯುತ್ತದೆ. ಕೊನೆಯಲ್ಲಿ, ಮಾರ್ಗಂಟನ ಬೀಡಿನಲ್ಲಿ, ಕಟ್ಟು ಬಿಚ್ಚಿದ ಕ್ಷಣದಲ್ಲಿ ಓಡಿಹೋಗಿ ಕೊಪ್ಪರಿಗೆಗೆ ಹಾರುವವನು ಇವನೇ. ಕೊಪ್ಪರಿಗೆ ಸಿಡಿದು ಚೂರಾಗುತ್ತದೆ; ಎಲಿಡಿರ್ ಸಾಯುತ್ತಾನೆ.

ಚಿತ್ರದಲ್ಲಿ ಈ ಕೆಲಸವನ್ನು ಮಾಡುವುದು ಗುರ್ಗಿ ಎಂಬ ಮುದ್ದು ಪ್ರಾಣಿ. ಅಷ್ಟಾದರೂ ಆಗಲಿ ಎನ್ನೋಣ. ಮಕ್ಕಳ ಕಣ್ಣಲ್ಲಿ ನೀರು ಬರುವಷ್ಟರಲ್ಲಿ ಮಾಟಗಾತಿಯರು ಮೂವರು ಬಂದು, ಒಡಂಬಡಿಕೆ ನಡೆದು, ಗುರ್ಗಿ ಕಣ್ಣು ಬಿಡುತ್ತದೆ. ಬೆಲೆ ತೆತ್ತವರು ಯಾರು? ಟಾರನ್ ಆ ಮೊದಲೇ ಕೊಟ್ಟುಬಿಟ್ಟಿದ್ದ ಒಂದು ಕತ್ತಿಯನ್ನು ಮರಳಿ ಪಡೆಯಲಿಲ್ಲ, ಅಷ್ಟೆ. ಪುಸ್ತಕದಲ್ಲಿ ಕೊಪ್ಪರಿಗೆಗಾಗಿ ಅವನು ಕೊಡುವುದು ಕತ್ತಿಯನ್ನಲ್ಲ. ಅಡೇಯಾನ್ ಎಂಬ ಸಾತ್ವಿಕ ಯೋಧ ಸಾಯುವಾಗ ಅವನಿಗೆ ಬಿಟ್ಟುಹೋದ ಒಂದು ಪದಕವನ್ನು. ಅದನ್ನು ಧರಿಸಿದವನಿಗೆ ಮುಂದಾಗುವುದು ಕನಸಿನಲ್ಲಿ ಕಾಣುತ್ತದೆ. ಲೋಕದ ಸದ್ದು, ವಾಸನೆ, ಬಣ್ಣ ಎಲ್ಲಕ್ಕೂ ಅರ್ಥ ಹೊಳೆಯುತ್ತದೆ. ಕನಸುಗಾರನಾದ ಹುಡುಗನಿಗೆ ನಿಜವಾದ ಕನಸು ಕಾಣುವ ಶಕ್ತಿಯೇ ಕೈಗೆ ಬಂದಿತ್ತು. ಅದನ್ನೇ ಬಿಚ್ಚಿ ಕೊಟ್ಟು, ಮತ್ತೆ ಏನೂ ತಿಳಿಯದ ಹಂದಿ ಕಾಯುವವನಾಗಿ ಎದ್ದುಬರುತ್ತಾನೆ. ತ್ಯಾಗವೆಂದರೆ ಏನೆಂದು ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಪ್ರಸಂಗವನ್ನು ನಾನು ಕಾಣೆ. ಅದನ್ನು ತೆಗೆದು ಕತ್ತಿಯನ್ನಿಟ್ಟರು.

ಕೊಪ್ಪರಿಗೆಯ ಕಥೆ ಅಲೆಗ್ಸಾಂಡರರ ಸ್ವಂತ ಕಲ್ಪನೆಯೂ ಅಲ್ಲ. 14ನೆಯ ಶತಮಾನದ ಹಸ್ತಪ್ರತಿಗಳಲ್ಲಿ ಉಳಿದುಬಂದಿರುವ ವೇಲ್ಸ್ ಭಾಷೆಯ ‘ಮಾಬಿನೋಗಿ’ ಕಥೆಗಳ ಎರಡನೆಯ ಶಾಖೆಯಲ್ಲಿ ಸತ್ತವರನ್ನು ಎಬ್ಬಿಸುವ ಕೊಪ್ಪರಿಗೆ ಬರುತ್ತದೆ. ಎದ್ದವರಿಗೆ ಮಾತು ಇರುವುದಿಲ್ಲ. ಎಫ್ನಿಸಿಯೆನ್ ಎಂಬ ಕ್ರೂರಿ ಐರ್ಲೆಂಡಿನ ದೊರೆಯ ಕುದುರೆಗಳನ್ನು ಅಂಗಹೀನ ಮಾಡಿ ವೈರ ಹುಟ್ಟಿಸುತ್ತಾನೆ, ತನ್ನ ತಂಗಿಯ ಮಗುವನ್ನೇ ಬೆಂಕಿಗೆ ಎಸೆಯುತ್ತಾನೆ, ಯುದ್ಧ ಹತ್ತಿಕೊಳ್ಳುತ್ತದೆ. ತನ್ನವರ ಹೆಣಗಳು ಬಿದ್ದಿರುವುದನ್ನು ಕಂಡಾಗ ಇದಕ್ಕೆ ಕಾರಣ ತಾನೆಂಬ ಅರಿವು ಅವನನ್ನು ಸುಡುತ್ತದೆ. ವೈರಿಗಳ ಹೆಣಗಳ ನಡುವೆ ಹೆಣದಂತೆ ಮಲಗುತ್ತಾನೆ. ಅವರು ಅವನನ್ನು ಕೊಪ್ಪರಿಗೆಗೆ ಹಾಕುತ್ತಾರೆ. ಒಳಗೆ ಮೈಚಾಚಿ ಅದನ್ನು ನಾಲ್ಕು ಹೋಳಾಗಿ ಸೀಳುತ್ತಾನೆ. ಜೊತೆಗೆ ಅವನ ಎದೆಯೂ ಒಡೆಯುತ್ತದೆ. ಎಲಿಡಿರನ ಪೂರ್ವಜ ಇವನೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಕೇಡು ಮಾಡಿದವನೂ ಕೊನೆಯ ಗಳಿಗೆಯಲ್ಲಿ ಮನುಷ್ಯನಾಗಬಹುದು, ಆದರೆ ಅದಕ್ಕೆ ಬೆಲೆಯುಂಟು ಎಂಬುದನ್ನು ಆ ಹಳೆಯ ಕಥೆಗಾರರು ಬಲ್ಲವರಾಗಿದ್ದರು. ಶತಮಾನಗಳನ್ನು ದಾಟಿ ಬಂದ ಆ ತಿಳಿವಳಿಕೆ 1985ರಲ್ಲಿ ಮಕ್ಕಳ ಹೆಸರಿನಲ್ಲಿ ಹೊರಗುಳಿಯಿತು.

ಮಕ್ಕಳ ಮನಸ್ಸು ಕೋಮಲ, ಅದು ನೋಯಬಾರದು ಎಂದು ಮಿತ್ರರು ಹೇಳುತ್ತಾರೆ. ಒಳ್ಳೆಯದು. ಆದರೆ ಈ ಚಿತ್ರ ಮಕ್ಕಳನ್ನು ಹೆದರಿಸಲು ಹಿಂಜರಿದಿದೆಯೆ? ಹೆಣಗಳು ಎದ್ದು ನಡೆಯುವ ದೃಶ್ಯವನ್ನು ನೋಡಿ, ಬಿಡುಗಡೆಗೆ ಮುಂಚಿನ ಪ್ರದರ್ಶನದಲ್ಲೇ ಮಕ್ಕಳು ಬೆದರಿದರೆಂದು, ಆಗ ತಾನೆ ಸಂಸ್ಥೆಗೆ ಬಂದಿದ್ದ ಜೆಫ್ರಿ ಕ್ಯಾಟ್ಜೆನ್‌ಬರ್ಗ್ ಸುಮಾರು 12 ನಿಮಿಷಗಳಷ್ಟು ಭಾಗವನ್ನು ಕತ್ತರಿಸಿ ಹಾಕಿಸಿದರು. ಅಷ್ಟಾದರೂ ‘ಹಿರಿಯರ ಮಾರ್ಗದರ್ಶನ ಅಗತ್ಯ’ ಎಂಬ ಮುದ್ರೆಯನ್ನು ಪಡೆದ ಡಿಸ್ನಿಯ ಮೊದಲ ಕಾರ್ಟೂನ್ ಚಿತ್ರ ಇದೇ ಆಯಿತು. ಅಂದಮೇಲೆ ಉಳಿದದ್ದು ಭಯ, ಹೋದದ್ದು ದುಃಖ. ನನ್ನ ತಕರಾರು ಇಲ್ಲಿಯೇ. ಭಯ ಅಗ್ಗದ ಸರಕು. ಕತ್ತಲೆ ಮಾಡಿ ‘ಗುಮ್ಮ’ ಎಂದರೆ ಸಾಕು, ಹುಟ್ಟುತ್ತದೆ. ದೀಪ ಹಾಕಿದರೆ ಹೋಗುತ್ತದೆ. ದುಃಖ ಹಾಗಲ್ಲ. ಇನ್ನೊಬ್ಬನನ್ನು ತನ್ನವನೆಂದು ಬಗೆದವನಿಗೆ ಮಾತ್ರ ಅದು ಬರುತ್ತದೆ. ಬಂದಮೇಲೆ ಮನುಷ್ಯನನ್ನು ಸ್ವಲ್ಪ ಬೆಳೆಸಿ ಹೋಗುತ್ತದೆ. ಮಕ್ಕಳಿಗೆ ಮೊದಲನೆಯದನ್ನು ಧಾರಾಳವಾಗಿ ಬಡಿಸಿ ಎರಡನೆಯದನ್ನು ಮುಚ್ಚಿಡುವುದು ಯಾವ ಸೀಮೆಯ ವಾತ್ಸಲ್ಯ?

ನಮ್ಮ ಜನ ಹೀಗೆ ಮುಚ್ಚಿಟ್ಟವರಲ್ಲ. ಗೋವಿನ ಹಾಡನ್ನು ಕೇಳಿ ಬೆಳೆಯದ ಕನ್ನಡದ ಮಗು ಎಲ್ಲಿದೆ? ಪುಣ್ಯಕೋಟಿ ಉಳಿಯುತ್ತದೆ, ನಿಜ. ಆದರೆ ಹುಲಿ ಪ್ರಾಣ ಬಿಡುತ್ತದೆ. ಅಲ್ಲಿಯವರೆಗೆ ಹುಲಿಯನ್ನು ದ್ವೇಷಿಸಿದ ಮಗು ಅದಕ್ಕಾಗಿಯೂ ಅಳುತ್ತದೆ. ಎಲಿಡಿರನನ್ನು ಅರ್ಥಮಾಡಿಕೊಳ್ಳಲು ಆ ಮಗುವಿಗೆ ಬೇರೆ ಟಿಪ್ಪಣಿ ಬೇಕಿಲ್ಲ. ‘ಕೆರೆಗೆ ಹಾರ’ದ ಭಾಗೀರಥಿ ಕೆರೆಯಲ್ಲಿ ಮುಳುಗುತ್ತಾಳೆ, ಗಂಡನೂ ಅವಳ ಹಿಂದೆಯೇ ಹೋಗುತ್ತಾನೆ, ಅವರನ್ನು ಎಬ್ಬಿಸಲು ಯಾವ ಮಾಟಗಾತಿಯೂ ಬರುವುದಿಲ್ಲ. ಇಲ್ಲೊಂದು ವ್ಯತ್ಯಾಸವುಂಟು. ಭಾಗೀರಥಿಯನ್ನು ಆರಿಸಿದವರು ಹಿರಿಯರು. ಎಲಿಡಿರ್ ತನ್ನನ್ನು ತಾನೇ ಆರಿಸಿಕೊಂಡ. ಹಾಡು ಸಿಟ್ಟನ್ನು ಹುಟ್ಟಿಸುವುದೂ ಅದಕ್ಕಾಗಿಯೇ, ಹುಟ್ಟಿಸಬೇಕಾದದ್ದೂ ಹೌದು. ಕೊನೆಯಲ್ಲಿ ಅವಳನ್ನು ನೀರಿನಿಂದ ಎತ್ತಿ ಕೂರಿಸಿ ನಗಿಸಿದ್ದರೆ ನಾವು ಆ ಹಿರಿಯರನ್ನು ಇಂದಿಗೂ ಪ್ರಶ್ನಿಸುತ್ತಿದ್ದೆವೆ?

ಇನ್ನು, ಜನ ಬಯಸಿದ್ದನ್ನು ಕೊಟ್ಟರು ಎಂಬ ವ್ಯಾಪಾರದ ಸಮಾಧಾನವೂ ಇಲ್ಲಿ ನಿಲ್ಲುವುದಿಲ್ಲ. 4 ಕೋಟಿ 40 ಲಕ್ಷ ಡಾಲರು ಸುರಿದ ಈ ಚಿತ್ರ ಅಮೆರಿಕದಲ್ಲಿ ಗಳಿಸಿದ್ದು ಸುಮಾರು 2 ಕೋಟಿ 10 ಲಕ್ಷ. ಸೋಲಿಗೆ ಕಾರಣಗಳು ಹಲವಿರಬಹುದು. ಕಥೆಯ ಬೆನ್ನುಮೂಳೆ ತೆಗೆದರೆ ಹಣವಾದರೂ ಬರುತ್ತದೆ ಎಂಬ ಮಾತಿಗಂತೂ ಇದು ಸಾಕ್ಷಿಯಾಗದು.

ಪುಸ್ತಕಗಳನ್ನು ಕಣ್ಣುಮುಚ್ಚಿ ಮಕ್ಕಳ ಕೈಗೆ ತುರುಕಿ ಎಂದು ನಾನು ಹೇಳುತ್ತಿಲ್ಲ. ಯಾವ ವಯಸ್ಸಿಗೆ ಯಾವುದು ಎಂಬ ವಿವೇಕ ತಂದೆತಾಯಿಗಳಿಗೆ ಇರಲೇಬೇಕು. ಐದು ವರ್ಷದ ಮಗುವಿಗೆ ಮಾರ್ಗಂಟ್ ಬೇಡ. ಆದರೆ ಹತ್ತು ಹನ್ನೆರಡು ವರ್ಷದ ಹೊತ್ತಿಗೆ ಮಗು ತರಗತಿಯಲ್ಲಿ ನಂಬಿದ ಗೆಳತಿಯಿಂದ ಮೋಸ ಹೋಗಿರುತ್ತದೆ. ಮನೆಯಲ್ಲಿ ಅಜ್ಜನನ್ನೋ ಅಜ್ಜಿಯನ್ನೋ ಕಳೆದುಕೊಂಡಿರುತ್ತದೆ. ಆ ಅನುಭವಗಳಿಗೆ ಅದರ ಬಳಿ ಹೆಸರಿರುವುದಿಲ್ಲ. ಹೆಸರು ಕೊಡುವುದು ಕಥೆಯ ಕೆಲಸ. ಲೋಕವೆಲ್ಲ ಮಗುವಿಗೆ ಸತ್ಯವನ್ನು ಒರಟಾಗಿ ಹೇಳುತ್ತಿರುವಾಗ, ಮೆತ್ತಗೆ ಹೇಳಬಲ್ಲ ಕಥೆಯೊಂದೇ ಸುಳ್ಳು ಹೇಳಿದರೆ ಅದು ಯಾರನ್ನು ನಂಬಬೇಕು?

ಮಿತ್ರರಿಗೆ ಈ ವಾದವನ್ನೆಲ್ಲ ನಾನು ಅಂದು ಹೇಳಲಿಲ್ಲ. ಪುಸ್ತಕವನ್ನು ಅವರ ಹೆಸರಿಗೇ ಕಳುಹಿಸಿ, ಮೊದಲು ನೀವು ಓದಿ, ಆಮೇಲೆ ನಿಮ್ಮ ಇಷ್ಟ ಎಂದು ಚೀಟಿ ಬರೆದೆ. ಎರಡು ವಾರ ಸುದ್ದಿಯಿಲ್ಲ. ಹೋದ ಶನಿವಾರ ಹುಡುಗಿಯೇ ಅಪ್ಪನ ಜೊತೆಗೆ ಮನೆಗೆ ಬಂದಳು. ಪುಸ್ತಕವನ್ನು ಮೇಜಿನ ಮೇಲಿಟ್ಟು, “ಮಾರ್ಗಂಟ್ ಮೊದಲು ನಿಜವಾಗಿಯೂ ಒಳ್ಳೆಯವನಾಗಿದ್ದನಾ, ಇಲ್ಲಾ ನಾಟಕ ಆಡುತ್ತಿದ್ದನಾ ಅಂಕಲ್?” ಎಂದು ಕೇಳಿದಳು.

ನಾನು ಅವಳ ತಂದೆಯ ಮುಖವನ್ನು ನೋಡಿದೆ. “ನಾನೂ ಅದನ್ನೇ ಯೋಚಿಸುತ್ತಿದ್ದೇನೆ ಮೇಷ್ಟ್ರೆ” ಎಂದು ಅವರು ಕುರ್ಚಿ ಎಳೆದುಕೊಂಡರು.